ಟೊಳ್ಳು ಮುಚ್ಚಳ

ಏಪ್ರಿಲ್ ೯, ಗುರುವಾರ
ಅಂಗಡಿಯ ಗೋದಾಮು, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ, ನೀವೂ ಅತ್ತೆಯವರೂ ಆರೋಗ್ಯ ಎಂದು ನಂಬಿದ್ದೇನೆ. ಇಷ್ಟು ಬರೆಯುವುದರೊಳಗೆ ಮೂರು ಹಾಳೆ ಹರಿದು ಹಾಕಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಭಾನುವಾರ ಗುಬ್ಬಿ ನನ್ನ ಹತ್ತಿರ ಬಂದಾಗ ಅವಳ ಚೀಲದಲ್ಲಿ, ಸೂಜಿ ಡಬ್ಬಿಯ ಕೆಳಗೆ ನಿಮ್ಮ ಚೀಟಿ ಸಿಕ್ಕಿತು. ನಾವು ಬೇರೆಯಾದ ಈ ನಾಲ್ಕು ವರ್ಷದಲ್ಲಿ ನೀವು ನನಗೆ ಬರೆದ ಚೀಟಿಗಳೆಲ್ಲ ಒಂದೊಂದು ಸಾಲಿನವು. ಸ್ವೆಟರ್ ವಾಪಸ್ ಕಳಿಸು, ಶಾಲೆಗೆ ಎರಡು ಫೋಟೋ ಬೇಕು, ಬೆಳಗಿನ ಡೋಸ್ ಆಗಿದೆ, ಅಷ್ಟೆ. ಇದು ಹನ್ನೊಂದು ಸಾಲು ಇತ್ತು. ಅಷ್ಟು ಸಾಲು ಕಂಡ ಕೂಡಲೇ ನಾನು ಹುಚ್ಚಿಯ ಹಾಗೆ ಏನೇನೋ ಅಂದುಕೊಂಡೆ. ಓದಿದರೆ ಐಸ್ ಬಾಕ್ಸಿನ ವಿಚಾರ.

ಮುಂದಿನ ಶುಕ್ರವಾರ ಗುಬ್ಬಿಯನ್ನು ಕರೆದುಕೊಂಡು ಹೋಗಿ ಅದೇ ಕೆರೆಯ ದಡದಲ್ಲಿ ನಾಲ್ಕು ದಿನ ಟೆಂಟು ಹಾಕುತ್ತೀರಿ. ಅವಳಿಗೆ ಅಣ್ಣ ಹೋಗಿದ್ದ ಜಾಗ ನೋಡಬೇಕಂತೆ. ಅವಳ ಇನ್ಸುಲಿನ್ ಇಡಲು ಗಟ್ಟಿ ಪ್ಲಾಸ್ಟಿಕ್ಕಿನ ಬಾಕ್ಸ್ ಬೇಕು, ನೀನು ಅಂಥವನ್ನೇ ಮಾರುವ ಅಂಗಡಿಯಲ್ಲಿದ್ದೀಯ, ಯಾವುದು ಒಳ್ಳೆಯದು ತಿಳಿಸು, ಅಗ್ಗದ್ದೊಂದು ಮಾತ್ರ ಹೇಳಬೇಡ, ಒಮ್ಮೆ ಪೆಟ್ಟು ತಿಂದದ್ದು ಈ ಜನ್ಮಕ್ಕೆ ಸಾಕು ಎಂದು ಬರೆದಿದ್ದೀರಿ. ಹನ್ನೊಂದನೆಯ ಸಾಲೊಂದಿದೆ. ಅದನ್ನು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ನನಗೆ ಬರುವ ಕೆಲಸ.

ಇಲ್ಲಿ ನನಗೆ ಐಸಮ್ಮ ಎಂದು ಹೆಸರು. ಮಾಲೀಕರು ಇಟ್ಟದ್ದು. ಟೆಂಟು, ಮಡಚುವ ಕುರ್ಚಿ, ಟಾರ್ಚು ಎಲ್ಲ ಬೇರೆಯವರು ಮಾರುತ್ತಾರೆ. ಐಸ್ ಬಾಕ್ಸ್ ಕೇಳಿಕೊಂಡು ಬಂದವರನ್ನು ಮಾತ್ರ ಎಲ್ಲರೂ ನನ್ನ ಕಡೆಗೆ ಬೆಟ್ಟು ಮಾಡಿ ಕಳಿಸುತ್ತಾರೆ. ಬರುವವರಲ್ಲಿ ಮುಕ್ಕಾಲು ಪಾಲು ಜನ ಬಣ್ಣ ನೋಡುತ್ತಾರೆ. ಕಾರಿಗೆ ಹೊಂದಬೇಕಂತೆ. ಒಬ್ಬರು ಇದರಲ್ಲಿ ಹಾಡು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಮುಚ್ಚಳ ಬಡಿಯಿರಿ ಎಂದೆ. ಅವರು ನಕ್ಕರು, ಆದರೆ ನಾನು ಹೇಳಿದ್ದು ನಿಜ. ಮೊದಲು ಬಡಿಯಬೇಕಾದದ್ದು ಮುಚ್ಚಳವನ್ನೇ.

ಬೆರಳ ಗೆಣ್ಣಿನಿಂದ ತಟ್ಟಿದಾಗ ಡಬ್ ಡಬ್ ಎಂದು ಡೋಲಿನ ಹಾಗೆ ಕೇಳಿದರೆ ಒಳಗೆ ಏನೂ ಇಲ್ಲ, ಬರೀ ಗಾಳಿ. ಅಗ್ಗದ ಪೆಟ್ಟಿಗೆಗಳೆಲ್ಲ ಹೀಗೆಯೇ: ಗೋಡೆಯಲ್ಲಿ ಫೋಮು ತುಂಬಿರುತ್ತಾರೆ, ಮುಚ್ಚಳ ಟೊಳ್ಳು ಬಿಟ್ಟಿರುತ್ತಾರೆ. ಗಿರಾಕಿ ಗೋಡೆ ಮುಟ್ಟಿ ನೋಡುತ್ತಾನೆ, ಮುಚ್ಚಳದ ಮೇಲೆ ಬೆಲೆ ನೋಡುತ್ತಾನೆ. ಆಮೇಲೆ ಒಂದು ಕಾಗದದ ಚೂರು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಎಳೆಯಿರಿ. ಸಲೀಸಾಗಿ ಬಂದರೆ ಥಂಡಿಯೂ ಅಷ್ಟೇ ಸಲೀಸಾಗಿ ಹೋಗುತ್ತದೆ. ನಾಲ್ಕು ಮೂಲೆಯಲ್ಲೂ ಎಳೆದು ನೋಡಿ, ಕೀಲು ಇರುವ ಕಡೆ ಮರೆಯಬೇಡಿ. ನೀರು ಬಿಡುವ ಬಿರಡೆ ತಿರುಪಿನದ್ದಿರಲಿ, ಒತ್ತಿ ಕೂರಿಸುವುದು ಎರಡು ಸಲಕ್ಕೆ ಸಡಿಲವಾಗುತ್ತದೆ. ಕೊನೆಗೆ ಮುಚ್ಚಳದ ಮೇಲೆ ಕೂತು ನೋಡಿ. ಕೆರೆಯ ಹತ್ತಿರ ಹೇಗೂ ಎಲ್ಲರೂ ಅದರ ಮೇಲೇ ಕೂರುತ್ತಾರೆ.

ನಾಲ್ಕು ವರ್ಷದಿಂದ ಈ ಗೋದಾಮಿನಲ್ಲಿ ಆರು ಬಗೆಯ ಪೆಟ್ಟಿಗೆ ಪರೀಕ್ಷೆ ಮಾಡುತ್ತಿದ್ದೇನೆ. ಒಂದೇ ತೂಕದ ಐಸ್ ಹಾಕಿ, ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದ ಕೂಡಲೇ ಬಿರಡೆ ಬಿಚ್ಚಿ, ಇಳಿದ ನೀರನ್ನು ಬಾಟಲಿಯಲ್ಲಿ ಅಳೆಯುತ್ತೇನೆ. ಮಾಲೀಕರಿಗೆ ಇದು ವ್ಯಾಪಾರಕ್ಕೆ ಒಳ್ಳೆಯದು ಎಂದು ಸಂತೋಷ. ನೀಲಿ ಬಣ್ಣದ ದುಬಾರಿ ಪೆಟ್ಟಿಗೆಯಲ್ಲಿ ಐಸ್ ಐದು ದಿನ ಉಳಿಯುತ್ತದೆ. ಬೂದು ಬಣ್ಣದ್ದರಲ್ಲಿ ನಾಲ್ಕು. ಎಲ್ಲಕ್ಕಿಂತ ಅಗ್ಗದ ಹಸಿರು ಪೆಟ್ಟಿಗೆಯಲ್ಲಿ ಎರಡೂವರೆ ದಿನ. ಅದೇ ಹಸಿರು ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಡೆಯಿಂದ ಏಳು ತೂತು ಕೊರೆದು, ಫೋಮು ತುಂಬಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ನಾಲ್ಕು ದಿನ, ಐದನೆಯ ದಿನ ಬೆಳಿಗ್ಗೆಯೂ ಮುಷ್ಟಿ ಗಾತ್ರದ ಐಸ್ ಉಳಿದಿರುತ್ತದೆ. ಒಂದಲ್ಲ, ಹದಿಮೂರು ಸಲ ನೋಡಿದ್ದೇನೆ.

ಏಳು ತೂತು ಎಂದದ್ದಕ್ಕೆ ನೀವು ಓದುವುದು ನಿಲ್ಲಿಸಿರುತ್ತೀರಿ. ನಿಲ್ಲಿಸಬೇಡಿ, ದಯವಿಟ್ಟು ಮುಂದೆ ಓದಿ.

ಹೌದು, ಅದೇ ಹಸಿರು ಪೆಟ್ಟಿಗೆ. ಆರು ವರ್ಷದ ಹಿಂದೆ ನೀವು, ನಾನು, ಚೋಟು ಮೂವರೂ ಸೇರಿ ಕೊಂಡದ್ದು. ಗುಬ್ಬಿಗೆ ಆಗ ಮೂರು ವರ್ಷ, ಅವಳನ್ನು ಅತ್ತೆಯವರ ಹತ್ತಿರ ಬಿಟ್ಟು ಹೋಗುವುದೆಂದಾಗಿತ್ತು. ನಾನು ನೀಲಿಯದ್ದೇ ಬೇಕು ಎಂದು ಅಂಗಡಿಯ ನಡುವೆ ಹಠ ಹಿಡಿದಿದ್ದೆ. ಮಗುವಿನ ಜೀವದ ಔಷಧಿ ಇಡುವ ಪೆಟ್ಟಿಗೆಯಲ್ಲಿ ಜಿಪುಣತನ ಮಾಡುತ್ತೀರಲ್ಲ ಎಂದು ನಾಲ್ಕು ಜನ ಕೇಳುವ ಹಾಗೆ ಅಂದೆ. ನೀವು ಮುಖ ಕೆಂಪಗೆ ಮಾಡಿಕೊಂಡಿರಿ. ನಾನು ಹದಿನೈದು ವರ್ಷದಿಂದ ಐಸ್ ಫ್ಯಾಕ್ಟರಿಯಲ್ಲಿ ದುಡೀತಿರೋನು, ಥಂಡಿ ಹೇಗೆ ಹಿಡಿದಿಡಬೇಕು ಅಂತ ನನಗೆ ಹೇಳಿಕೊಡಬೇಡ ಅಂದಿರಿ. ಮನೆಗೆ ತಂದು ಮುಚ್ಚಳ ತಿರುವಿ ಹಾಕಿ ತೂತು ಕೊರೆದಿರಿ. ಫೋಮು ಉಬ್ಬಿ ಮುಚ್ಚಳ ಡೊಂಕಾಗದ ಹಾಗೆ ಮೇಲೆ ಹಲಗೆ ಇಟ್ಟು, ಅದರ ಮೇಲೆ ಚೋಟುವನ್ನು ಕೂರಿಸಿದಿರಿ. ಎರಡು ಗಂಟೆ ಅಲುಗಾಡಬಾರದು ಅಂದಿರಿ. ಒಂಬತ್ತು ವರ್ಷದ ಹುಡುಗ, ಒಂದು ಕಡೆ ಕಾಲು ಊರದವನು, ಎರಡು ಗಂಟೆ ಗೊಂಬೆಯ ಹಾಗೆ ಕೂತಿದ್ದ. ಮೂಗು ತುರಿಸುತ್ತದೆ, ತುರಿಸಿಕೊಳ್ಳಲೇ ಅಪ್ಪಾ ಎಂದು ಕೇಳಿ ತುರಿಸಿಕೊಂಡ. ಅವನಿಗೆ ಒಂದು ಕೆಲಸ ಒಪ್ಪಿಸಿದರೆ ಹಾಗೆಯೇ.

ಈಗ ಹನ್ನೊಂದನೆಯ ಸಾಲು. ಎಂಥಾ ಬಾಕ್ಸಾದರೂ ಸರಿ, ಈ ಸಲ ಬಾಕ್ಸನ್ನು ನಂಬಿ ಕೂರುವುದಿಲ್ಲ, ಫ್ಯಾಕ್ಟರಿಯಲ್ಲಿ ಮೀನಿಗೆ ಮಾಡುವ ಹಾಗೆ ಐಸಿಗೆ ಉಪ್ಪು ಬೆರೆಸಿಯೇ ಇಡುತ್ತೇನೆ, ಕಲ್ಲಿನಂತೆ ಥಂಡಿ ಇರಬೇಕು ಎಂದು ಬರೆದಿದ್ದೀರಿ.

ಓದಿದ ಕೂಡಲೇ ಫೋನ್ ಮಾಡಿದೆ. ನೆನಪಿದೆಯಲ್ಲ. ಇನ್ಸುಲಿನ್ ಹೆಪ್ಪುಗಟ್ಟಬಾರದಂತೆ, ಡಬ್ಬಿಯೊಳಗಿನ ಕಾಗದದಲ್ಲಿ ಹಾಗೇ ಬರೆದಿದೆ ಎಂದು ಹೇಳಿದೆ. ನೀವು, ಕಂಪನಿಯವರು ಹತ್ತು ಬರೀತಾರೆ, ನನ್ನ ಮಗನನ್ನು ತಿಂದದ್ದು ಬಿಸಿ, ಥಂಡಿ ಅಲ್ಲ, ನೀನು ಬಾಕ್ಸ್ ಯಾವುದು ಅಂತ ಹೇಳು ಸಾಕು ಎಂದು ಫೋನ್ ಇಟ್ಟಿರಿ. ಆರು ವರ್ಷ ನಾನು ನಿಮ್ಮ ಮನಸ್ಸಿನಲ್ಲಿ ಬೆಳೆಯಲು ಬಿಟ್ಟ ಒಂದು ಸುಳ್ಳು ಈಗ ಗುಬ್ಬಿಯ ಔಷಧಿಯ ಮೇಲೆ ಬಂದು ಕೂತಿದೆ. ನಾಲ್ಕು ತಿಂಗಳ ಹಿಂದೆ ಅವಳಿಗೂ ಅಣ್ಣನ ಕಾಯಿಲೆಯೇ ಎಂದು ಗೊತ್ತಾದ ದಿನ ನಾನು ಸತ್ತೇ ಹೋದೆ ಅಂದುಕೊಂಡಿದ್ದೆ. ಇಲ್ಲ, ಸಾಯುವುದು ಅಷ್ಟು ಸುಲಭವಲ್ಲ. ಇದನ್ನು ಬರೆಯುವುದು ಬಾಕಿ ಇತ್ತು.

ಬಿಸಿ ಅಲ್ಲ ಕಣ್ರೀ. ಥಂಡಿಯೇ. ಚೋಟುವಿನ ಔಷಧಿ ಬಿಸಿಲಿಗೆ ಕೆಟ್ಟದ್ದಲ್ಲ, ಹೆಪ್ಪುಗಟ್ಟಿ ಕೆಟ್ಟದ್ದು. ಹೆಪ್ಪುಗಟ್ಟಿಸಿದವಳು ನಾನು.

ಹೊರಟ ದಿನ ಬೆಳಿಗ್ಗೆ ನೀವು ಫ್ಯಾಕ್ಟರಿಯಿಂದ ತಂದ ಐಸ್ ಒಡೆದು ಪೆಟ್ಟಿಗೆಗೆ ತುಂಬಿ, ಕಾರಿನ ಮೇಲೆ ಟೆಂಟು ಕಟ್ಟಲು ಹೋದಿರಿ. ನನಗೆ ನಿಮ್ಮ ಮುಚ್ಚಳದ ಮೇಲೆ ನಂಬಿಕೆ ಇರಲಿಲ್ಲ. ಅಂಗಡಿಯ ಸಿಟ್ಟೂ ಇಳಿದಿರಲಿಲ್ಲ. ಇವರ ಅಗ್ಗದ ಪೆಟ್ಟಿಗೆ ಮಧ್ಯಾಹ್ನಕ್ಕೇ ಕೈಕೊಡುತ್ತದೆ ಎಂದುಕೊಂಡು ಅಡುಗೆಮನೆಯಿಂದ ಕಲ್ಲುಪ್ಪಿನ ಪ್ಯಾಕೆಟ್ ತಂದು, ಒಂದು ಕಿಲೋ ಪೂರ್ತಿ, ಐಸಿನ ಮೇಲೆ ಸುರಿದೆ. ಔಷಧಿಯ ಮೂರೂ ಸೀಸೆಗಳನ್ನು ಟಿನ್ನಿನ ಡಬ್ಬಿಯಲ್ಲಿ ಹಾಕಿ ಅದನ್ನು ಐಸಿನ ನಡುವೆ ಹೂತೆ. ಉಪ್ಪು ಹಾಕಿದರೆ ಮೀನು ಕಲ್ಲಾಗುತ್ತದೆ ಎಂದು ನೀವು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ ಮಾತು. ನೂರು ಸಲ ಕೇಳಿದ್ದೆ. ಥಂಡಿ ಜಾಸ್ತಿಯಾಗುತ್ತದೆ ಎನ್ನುವುದಷ್ಟೇ ಕಿವಿಗೆ ಬಿದ್ದಿತ್ತು, ಕಲ್ಲಾಗುತ್ತದೆ ಎನ್ನುವುದು ಬಿದ್ದಿರಲಿಲ್ಲ.

ಸಂಜೆ ಕೆರೆಯ ಹತ್ತಿರ ಟೆಂಟು ಹಾಕಿ, ನೀವು ಗಾಳ ಹಿಡಿದು ನೀರಿನ ಕಡೆ ಹೋದಿರಿ. ಡೋಸ್ ಕೊಡುವ ಹೊತ್ತಾಯಿತೆಂದು ನಾನು ಪೆಟ್ಟಿಗೆ ತೆರೆದೆ. ಟಿನ್ನು ಬೆರಳಿಗೆ ಅಂಟಿಕೊಂಡಿತು. ಮೂರು ಸೀಸೆಯೂ ಬೆಳ್ಳಗೆ ಗಟ್ಟಿಯಾಗಿದ್ದವು. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ನಿಮ್ಮನ್ನು ಕೂಗಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂತು. ಕೂಗಿದ್ದರೆ ನೀವು ಮೊದಲು ಹೇಳುತ್ತಿದ್ದದ್ದು, ನಿನಗೆ ನನ್ನ ಪೆಟ್ಟಿಗೆ ಮೇಲೆ ನಂಬಿಕೆ ಇರಲಿಲ್ಲ ಅಲ್ವಾ ಎಂದು. ಆ ಒಂದು ಮಾತು ಕೇಳಬಾರದು ಎಂದು ನಾನು ಕೂಗಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ, ಕಣ್ರೀ. ಈಗ ದಿನಕ್ಕೆ ಹತ್ತು ಸಲ ಆ ಮಾತನ್ನು ನಿಮ್ಮ ದನಿಯಲ್ಲೇ ಕೇಳಿಸಿಕೊಳ್ಳುತ್ತೇನೆ.

ಐಸನ್ನೆಲ್ಲ ಬಂಡೆಯ ಹಿಂದೆ ಸುರಿದೆ. ಪೆಟ್ಟಿಗೆ ಹಗುರಾದದ್ದು ನಿಮಗೆ ಗೊತ್ತಾಗದಿರಲಿ ಎಂದು ಕೆರೆಯ ನೀರು ತುಂಬಿದೆ. ಸೀಸೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿದೆ. ಕರಗಿದ ಮೇಲೆ ನೀರಿನಷ್ಟು ತಿಳಿಯಾಗಿತ್ತು, ಏನೂ ಆಗದ ಹಾಗೆ ಇತ್ತು. ಅದನ್ನೇ ಸೂಜಿಗೆ ಎಳೆದು ಅವನಿಗೆ ಚುಚ್ಚಿದೆ. ಇದನ್ನೆಲ್ಲ ಯಾರೂ ನೋಡಲಿಲ್ಲ.

ಮಾರನೆಯ ದಿನ ಅವನು ಚೊಂಬುಗಟ್ಟಲೆ ನೀರು ಕುಡಿದದ್ದು ನಿಮಗೆ ನೆನಪಿರಬೇಕು. ಬಿಸಿಲಿಗೆ ಬಾಯಾರಿಕೆ ಅಂದಿರಿ. ಮಧ್ಯಾಹ್ನ ನೀವಿಬ್ಬರೂ ಮರದ ನೆರಳಲ್ಲಿ ಮಲಗಿದ್ದಾಗ ನಾನು ಔಷಧಿಯ ಡಬ್ಬಿಯಲ್ಲಿದ್ದ ಕಾಗದ ಬಿಡಿಸಿ ಓದಿದೆ. ಇರುವೆಯಂಥ ಅಕ್ಷರ. ಹೆಪ್ಪುಗಟ್ಟಿಸಬಾರದು, ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು, ಎಸೆಯಬೇಕು ಎಂದಿತ್ತು. ಕಂಪನಿಯವರು ಹತ್ತು ಬರೀತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ನೀವು ಫೋನಿನಲ್ಲಿ ಹೇಳಿದ್ದೂ ಅದೇ ಮಾತು.

ಆಮೇಲೆ ಅವನ ಬೆರಳು ಚುಚ್ಚಿ ಶುಗರ್ ನೋಡಿದೆ. ಮೆಷಿನ್ನು ಅಂಕಿಯನ್ನೇ ತೋರಿಸಲಿಲ್ಲ, ಅದರ ಅಳತೆ ಮೀರಿಹೋಗಿತ್ತು. ನೀವು ಎಷ್ಟಿದೆ ಎಂದು ಕೇಳಿದಿರಿ. ಸ್ವಲ್ಪ ಜಾಸ್ತಿ, ಇನ್ನೂರ ಇಪ್ಪತ್ತು ಎಂದೆ. ಅದೊಂದು ನಾನು ಕೂತಲ್ಲೇ ಹುಟ್ಟಿಸಿದ ಸಂಖ್ಯೆ. ಸತ್ತ ಔಷಧಿಯನ್ನೇ ಇನ್ನಷ್ಟು ಎಳೆದು ಕೊಟ್ಟೆ.

ನಾಲ್ಕು ಗಂಟೆಗೆ ನೀವು ನೀರಿಗೆಂದು ಪೆಟ್ಟಿಗೆ ತೆರೆದು ಕೈ ಹಾಕಿದಿರಿ. ಉಗುರು ಬೆಚ್ಚಗಿನ ನೀರು. ನಿಮ್ಮ ಮುಖ ನಾನು ಮರೆತಿಲ್ಲ. ಒಂದೇ ದಿನಕ್ಕೆ ಕರಗಿತಲ್ಲೇ, ನನ್ನ ಮುಚ್ಚಳ ನಿಲ್ಲಲಿಲ್ಲವಲ್ಲೇ ಅಂದಿರಿ. ಔಷಧಿ ಬಿಸಿಯಾಗಿದೆ, ಈಗಲೇ ಟೆಂಟು ಬಿಚ್ಚೋಣ, ಹೊರಡೋಣ ಅಂದಿರಿ. ಒಂದು ದಿನ ಬಿಸಿಯಾದರೆ ಏನೂ ಆಗುವುದಿಲ್ಲ, ಮಗು ಮಲಗಿದೆ, ನಾಳೆ ಬೆಳಿಗ್ಗೆ ಹೋಗೋಣ ಎಂದು ನಾನೇ ನಿಮ್ಮನ್ನು ತಡೆದೆ. ಹೊರಟಿದ್ದರೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿರುತ್ತಿದ್ದೆವು. ನಾವು ಹೊರಟದ್ದು ಮಾರನೆಯ ಬೆಳಿಗ್ಗೆ, ಅವನು ವಾಂತಿ ಮಾಡಿಕೊಂಡು ಎದೆಯೆಲ್ಲ ಎತ್ತಿ ಉಸಿರು ಎಳೆಯಲು ಶುರುಮಾಡಿದ ಮೇಲೆ.

ಆಮೇಲಿನದು ನಿಮಗೆ ಗೊತ್ತು. ಔಷಧಿ ಥಂಡಿಯಲ್ಲಿಟ್ಟಿದ್ದಿರಾ ಎಂದು ಡಾಕ್ಟರು ಕೇಳಿದಾಗ ನೀವು ಮುಂದೆ ಬಂದು, ಅಗ್ಗದ ಪೆಟ್ಟಿಗೆ ಸಾರ್, ನಾನೇ ಕೊಂಡದ್ದು, ಐಸ್ ಒಂದು ದಿನಕ್ಕೇ ಕರಗಿಹೋಯಿತು ಅಂದಿರಿ. ಡಾಕ್ಟರು ಬೇರೇನೂ ಕೇಳದೆ ಬಿಸಿಗೆ ಕೆಟ್ಟಿದೆ ಎಂದು ಬರೆದುಕೊಂಡರು. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಸಂಜೆಯೊಳಗೆ ಚೋಟು ಹೋದ. ಆ ಹೊತ್ತಿನಲ್ಲಿ ಹೇಳುವುದು ಹೇಗೆ ಎಂದುಕೊಂಡೆ. ಆಮೇಲೆ ಹದಿಮೂರು ದಿನ ಕಳೆಯಲಿ ಎಂದುಕೊಂಡೆ. ಆಮೇಲೆ ನೀವು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದುಕೊಂಡೆ. ನೀವು ಸುಧಾರಿಸಿಕೊಳ್ಳಲೇ ಇಲ್ಲ.

ನೀವು ಸುತ್ತಿಗೆ ತಂದು ಹಿತ್ತಲಲ್ಲಿ ಆ ಪೆಟ್ಟಿಗೆಯನ್ನು ಒಡೆದ ದಿನ ನಾನು ಕಿಟಕಿಯಲ್ಲಿದ್ದೆ. ಹಳದಿ ಫೋಮು ಅಂಗಳದ ತುಂಬ ಚೆಲ್ಲಿತ್ತು. ನೀವು ಒಳಗೆ ಹೋದ ಮೇಲೆ ಮುಚ್ಚಳದ ಒಂದು ತುಂಡು ಎತ್ತಿಕೊಂಡು ನೋಡಿದೆ. ಈ ಮೂಲೆಯಿಂದ ಆ ಮೂಲೆಯವರೆಗೆ ಫೋಮು ತುಂಬಿತ್ತು, ಬೆರಳು ತೂರಿಸುವಷ್ಟು ಜಾಗ ಖಾಲಿ ಇರಲಿಲ್ಲ. ಎಂಥ ಅಚ್ಚುಕಟ್ಟಾದ ಕೆಲಸ ಮಾಡಿದ್ದಿರಿ. ಆ ಉಪ್ಪಿನ ಥಂಡಿ ಒಂದು ಚೂರೂ ಹೊರಗೆ ಹೋಗದ ಹಾಗೆ ಹಿಡಿದಿಟ್ಟದ್ದು ನಿಮ್ಮ ಮುಚ್ಚಳವೇ. ಮುಚ್ಚಳ ಟೊಳ್ಳಾಗಿದ್ದರೆ ಔಷಧಿ ಹೆಪ್ಪುಗಟ್ಟುತ್ತಲೇ ಇರಲಿಲ್ಲವೋ ಏನೋ. ಆ ತುಂಡು ಈಗಲೂ ನನ್ನ ಹತ್ತಿರ ಇದೆ, ಸೀರೆಗಳ ಕೆಳಗೆ ಇಟ್ಟಿದ್ದೇನೆ.

ನಿಮ್ಮ ಜೊತೆ ಯಾಕೆ ಬಾಳಲಿಲ್ಲ ಎಂದು ಅತ್ತೆಯವರು ಇವತ್ತಿಗೂ ಕೇಳಿಕೊಳ್ಳುತ್ತಾರಂತೆ. ನೀವು ಊಟದ ನಡುವೆ ಕೈ ನಿಲ್ಲಿಸಿ ನಾನು ಜಿಪುಣತನ ಮಾಡದೇ ಇದ್ದಿದ್ದರೆ ಅನ್ನುತ್ತಿದ್ದಿರಿ. ವಾರಕ್ಕೆ ನಾಲ್ಕು ಸಲ. ಎರಡು ವರ್ಷ ಅದನ್ನು ಕೇಳುತ್ತಾ ನಿಮಗೆ ಸಾರು ಬಡಿಸಿದೆ. ಕೊನೆಗೆ ಆಗಲಿಲ್ಲ, ಓಡಿಬಂದೆ. ಗುಬ್ಬಿಯನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ನೀವು ವಕೀಲರ ಮುಂದೆ ಕೇಳಿದಿರಿ. ನನ್ನ ಕೈಯಲ್ಲಿ ಇನ್ನೊಂದು ಮಗುವನ್ನು ಕೊಡುವ ಧೈರ್ಯ ನನಗೇ ಇರಲಿಲ್ಲ.

ಈ ಅಂಗಡಿಗೆ ಸೇರಿದ್ದೂ ಅದಕ್ಕೇ. ಹೊಟ್ಟೆಪಾಡಿಗೆ ಬೇರೆ ಕೆಲಸವೂ ಇತ್ತು. ನನಗೆ ಆ ಹಸಿರು ಪೆಟ್ಟಿಗೆ ನಿಜಕ್ಕೂ ನಾಲ್ಕು ದಿನ ನಿಲ್ಲುತ್ತಿತ್ತೇ ಎಂದು ತಿಳಿಯಬೇಕಿತ್ತು. ನಿಲ್ಲುತ್ತಿರಲಿಲ್ಲ ಎಂದಾದರೆ ತಪ್ಪಿನಲ್ಲಿ ನಿಮಗೂ ಒಂದು ಪಾಲು ಕೊಡಬಹುದು ಎಂಬ ಆಸೆ. ಮೊದಲ ಸಲ ನಾಲ್ಕನೆಯ ಬೆಳಿಗ್ಗೆ ಮುಚ್ಚಳ ತೆಗೆದು ಐಸ್ ಕಂಡಾಗ ಇಲ್ಲೇ, ಈ ರಟ್ಟಿನ ಡಬ್ಬಿಗಳ ಮಧ್ಯೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಎಲ್ಲೋ ತಪ್ಪಾಗಿರಬಹುದು ಎಂದು ಮತ್ತೆ ಹನ್ನೆರಡು ಸಲ ಮಾಡಿದೆ. ತಪ್ಪಾಗಿರಲಿಲ್ಲ. ನಿಮ್ಮ ಪಾಲಿಗೆ ಏನೂ ಇಲ್ಲ.

ಇನ್ನು ಕೆಲಸದ ಮಾತು, ದಯವಿಟ್ಟು ಎರಡು ಸಲ ಓದಿ. ಈ ಕಾಗದದ ಜೊತೆ ಅಂಗಡಿಯ ವ್ಯಾನಿನ ಡ್ರೈವರು ಒಂದು ಹಸಿರು ಪೆಟ್ಟಿಗೆ ತಂದುಕೊಡುತ್ತಾರೆ. ಮುಚ್ಚಳ ನಿಮ್ಮ ಕ್ರಮದಲ್ಲೇ ತುಂಬಿದ್ದೇನೆ, ಏಳು ತೂತು. ಮೇಲೆ ಕೂರಲು ಯಾರೂ ಇರಲಿಲ್ಲ, ನಾನೇ ಕೂತಿದ್ದೆ. ಇದನ್ನು ಕಂಡರೆ ನಿಮಗೆ ಆಗದಿದ್ದರೆ ಬೇಡ, ಬೂದು ಬಣ್ಣದ್ದು ಕೊಳ್ಳಿ, ನಾಲ್ಕು ದಿನಕ್ಕೆ ಸಾಲ ಮಾಡಿ ನೀಲಿಯದ್ದು ಕೊಳ್ಳುವ ಅಗತ್ಯವಿಲ್ಲ. ಯಾವ ಪೆಟ್ಟಿಗೆಯಾದರೂ ಸರಿ, ಉಪ್ಪು ಮಾತ್ರ ಹಾಕಬೇಡಿ. ಒಂದು ಚಿಟಿಕೆಯೂ ಬೇಡ. ಐಸ್ ಕೆಳಗಿರಲಿ, ಅದರ ಮೇಲೆ ದಪ್ಪ ಟವೆಲ್, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಔಷಧಿ. ಸೀಸೆ ಐಸಿಗೆ ತಾಗಬಾರದು. ಪೆಟ್ಟಿಗೆಯೊಳಗೆ ಒಂದು ಥರ್ಮಾಮೀಟರ್ ಕಳಿಸಿದ್ದೇನೆ, ಔಷಧಿಯ ಪಕ್ಕದಲ್ಲಿಡಿ, ಎರಡು ಡಿಗ್ರಿಗಿಂತ ಕೆಳಗೆ ಇಳಿದರೆ ಸೀಸೆ ಹೊರಗೆ ತೆಗೆಯಿರಿ. ಎಲ್ಲ ಸೀಸೆಯನ್ನೂ ಒಂದೇ ಕಡೆ ಇಡಬೇಡಿ. ಬಳಸುತ್ತಿರುವ ಸೀಸೆಗೆ ಐಸೇ ಬೇಡವಂತೆ, ಬಿಸಿಲು ಬೀಳದ ತಂಪು ಜಾಗ ಸಾಕಂತೆ. ಗುಬ್ಬಿಯ ಕ್ಲಿನಿಕ್ಕಿನ ನರ್ಸಮ್ಮನನ್ನೇ ಕೇಳಿ, ನನ್ನ ಮಾತಿನ ಮೇಲೆ ಹೋಗಬೇಡಿ. ನನ್ನ ಮಾತನ್ನು ನೀವು ಯಾಕೆ ನಂಬಬೇಕು? ಆ ನರ್ಸಮ್ಮ ನಾಲ್ಕು ತಿಂಗಳ ಹಿಂದೆ ನನಗೆ ಹೇಳಿದ್ದು ನಿಜವಾದರೆ, ಚೋಟುವಿನ ಒಂದು ಸೀಸೆ ನನ್ನ ಕೈಚೀಲದಲ್ಲಿದ್ದರೂ ಸಾಕಿತ್ತು. ಪೆಟ್ಟಿಗೆಯೇ ಬೇಕಿರಲಿಲ್ಲ.

ಮೆಷಿನ್ನು ಅಂಕಿ ತೋರಿಸದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಟೆಂಟು ಅಲ್ಲೇ ಬಿಟ್ಟು ಹೊರಡಿ.

ಇದನ್ನೆಲ್ಲ ಹೇಳದೆ ಉಪ್ಪಿನ ವಿಷಯವಷ್ಟನ್ನೇ ಬರೆದು ತಪ್ಪಿಸಿಕೊಳ್ಳಲು ನೋಡಿದೆ. ಹರಿದ ಮೂರು ಹಾಳೆ ಅವೇ. ಫೋನಿನಲ್ಲಿ ನೀವು ಕೇಳದೇ ಇದ್ದದ್ದನ್ನು ಹಾಳೆಯಲ್ಲಿ ಕೇಳುತ್ತೀರಾ? ಬಿಸಿಯೇ ಮಗನನ್ನು ತಿಂದದ್ದು ಎಂದು ನಂಬಿರುವ ಅಪ್ಪನಿಗೆ ಥಂಡಿ ಕಡಿಮೆ ಮಾಡಿ ಎಂದರೆ ಯಾಕೆ ಮಾಡುತ್ತಾನೆ? ನಿಜವನ್ನೇ ಹೇಳಬೇಕಾಯಿತು.

ಭಾನುವಾರಗಳ ಬಗ್ಗೆ ನಾನೇನೂ ಕೇಳುವುದಿಲ್ಲ. ಬೆಳಿಗ್ಗೆ ಎಂಟರಿಂದ ಗೇಟಿನ ಕಡೆ ಕಣ್ಣಿಟ್ಟು ಕೂರುವುದು ಅಭ್ಯಾಸವಾಗಿದೆ, ಅದು ಬಿಟ್ಟುಹೋಗುತ್ತದೆಯೇ ಗೊತ್ತಿಲ್ಲ. ಇನ್ನು ಮೇಲೆ ನೀವು ಗುಬ್ಬಿಯನ್ನು ಕಳಿಸದಿದ್ದರೆ ನಿಮ್ಮದು ತಪ್ಪಲ್ಲ. ಅವಳಿಗೆ ಏನು ಹೇಳಬೇಕು ಎನ್ನುವುದನ್ನೂ ನಿಮಗೇ ಬಿಟ್ಟಿದ್ದೇನೆ. ಈ ಕಾಗದವನ್ನು ಅವಳ ಚೀಲದಲ್ಲಿ ಕಳಿಸದೆ ವ್ಯಾನಿನಲ್ಲಿ ಕಳಿಸಿದ್ದು ಅವಳಿಗೆ ಈಗ ಓದಲು ಬರುತ್ತದೆ ಎಂದು. ಅವಳ ನೀಲಿ ಫ್ರಾಕು ಇಲ್ಲೇ ಉಳಿದಿದೆ, ಒಗೆದು ಇಸ್ತ್ರಿ ಮಾಡಿ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಡಬೇಕೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ, ಅಷ್ಟು ತೊಂದರೆಯನ್ನೂ ನಿಮಗೆ ಕೊಡಲಾರೆ. ನೀವು ಜಿಪುಣರಲ್ಲ. ನಿಮ್ಮ ಪೆಟ್ಟಿಗೆ ಒಳ್ಳೆಯದಿತ್ತು. ಆರು ವರ್ಷದ ಹಿಂದೆ ಹೇಳಬೇಕಾಗಿದ್ದದ್ದು ಇಷ್ಟೇ ಎರಡು ಮಾತು.

ಇಬ್ಬರ ತಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮೇಲೆ ಯಾರೂ ನೋಡಲಿಲ್ಲ ಎಂದು ಬರೆದಿದ್ದೇನೆ. ಅದೊಂದು ಸುಳ್ಳು ಇನ್ನೂ ಉಳಿದಿತ್ತು. ಬಂಡೆಯ ಹಿಂದೆ ಐಸ್ ಸುರಿಯುವಾಗ ಚೋಟು ಬಂದು ನಿಂತಿದ್ದ. ಎಲ್ಲ ನೋಡಿದ. ಅಪ್ಪನಿಗೆ ಹೇಳಬೇಡ ಕಂದಾ, ಬೈತಾರೆ ಎಂದೆ. ಆಯಿತು ಎಂದು ತಲೆಯಾಡಿಸಿದ. ಆಸ್ಪತ್ರೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವನು ನನ್ನ ಕಿವಿಯಲ್ಲಿ ಏನೋ ಅಂದದ್ದು ನಿಮಗೆ ಕನ್ನಡಿಯಲ್ಲಿ ಕಂಡಿತ್ತು. ಏನಂದ, ಕೊನೆಗೆ ಏನಂದ ಎಂದು ಎರಡು ವರ್ಷ ಕೇಳಿದಿರಿ. ನೀರು ಕೇಳಿದ ಎನ್ನುತ್ತಿದ್ದೆ. ಅವನು ನೀರು ಕೇಳಲಿಲ್ಲ. "ಅಮ್ಮಾ, ನಾನು ಅಪ್ಪಂಗೆ ಹೇಳಿಲ್ಲ" ಅಂದ.